ಉರ್ದುವಿನಲ್ಲಿ ಮಾದಮ್ಮ

"ಖಾಲಾ ಮನೆ ಇದೇನಾ?" ಎಂದು ಕೇಳಿಕೊಂಡು ಬುರ್ಖಾ ತೊಟ್ಟ ಮೂವರು ಹೆಂಗಸರು ಬಾಗಿಲಲ್ಲಿ ನಿಂತಾಗ ರೋಜಾ ತಾಯಿಗೆ ಗಂಜಿ ಕುಡಿಸುತ್ತಿದ್ದಳು. ಕುಡಿಸುವುದೆಂದರೆ ಅರ್ಧ ಬಾಯಿಗೆ, ಅರ್ಧ ಸೆರಗಿಗೆ. ಮೂರು ವಾರದ ಕೆಳಗೆ ಲಕ್ವ ಹೊಡೆದು ಮಾದಮ್ಮನ ಬಲಗೈ, ಬಲಗಾಲು, ಜೊತೆಗೆ ನಂಜನಗೂಡಿನ ಆ ಬೀದಿಯೇ ಹೆದರುತ್ತಿದ್ದ ನಾಲಿಗೆ, ಮೂರೂ ಒಂದೇ ಬೆಳಿಗ್ಗೆ ಬಿದ್ದುಹೋಗಿದ್ದವು. ಅಂದಿನಿಂದ ಬೀದಿಯ ನಾಯಿಗಳು ಕೂಡ ಯಾಕೋ ಸಪ್ಪಗಿದ್ದವು.

ಇಲ್ಲಿ ಯಾವ ಖಾಲಾನೂ ಇಲ್ಲ ಎಂದು ರೋಜಾ ಹೇಳುವಷ್ಟರಲ್ಲಿ ಅವರಲ್ಲಿ ಹಿರಿಯಳಾದ ಶಾಹಿದಾ ಒಳಗೆ ಬಂದು, ಮಾದಮ್ಮನ ಚಾಪೆಯ ಪಕ್ಕ ಕುಳಿತು, ಬಿದ್ದುಹೋದ ಕೈಯನ್ನೇ ಎತ್ತಿ ಕಣ್ಣಿಗೊತ್ತಿಕೊಂಡಳು. ಟಿ. ನರಸೀಪುರದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರಂತೆ. ಖರ್ಜೂರ ತಂದಿದ್ದರು.

ಅವರು ಹೇಳಿದ್ದನ್ನು ಕೇಳುತ್ತಾ ಕೇಳುತ್ತಾ ರೋಜಾಳ ಕೈಯಲ್ಲಿದ್ದ ಗಂಜಿ ತಣ್ಣಗಾಯಿತು. ಗಂಡ ಶಿವಮೂರ್ತಿ ಸಾಬರ ಮದುವೆಗಳಲ್ಲಿ ಉರ್ದುವಿನಲ್ಲಿ ಏನೋ ಮಾತಾಡಿ ನಗಿಸುತ್ತಾನೆ ಎನ್ನುವುದಷ್ಟೇ ಅವಳಿಗೆ ಗೊತ್ತಿದ್ದದ್ದು. ಹೆಡತಲೆ ಎಂಬ ಹಳ್ಳಿಯಲ್ಲಿ ಹುಟ್ಟಿದವನು, ಹುಡುಗನಾಗಿದ್ದಾಗ ನರಸೀಪುರದ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಎಂಟು ವರ್ಷ ದುಡಿದು ಆ ಭಾಷೆ ಕಲಿತಿದ್ದ. ಕನ್ನಡದಲ್ಲಿ ಬಸ್ಸಿನ ಟಿಕೆಟ್ ಕೇಳುವುದಕ್ಕೂ ಬೆವರುವ ಮನುಷ್ಯ. ಇಂಥವನು ಸೀರೆಯುಟ್ಟು 'ಖಾಲಾ', ಎಂದರೆ ಚಿಕ್ಕಮ್ಮ, ಎಂಬ ಬಾಯಿಬಡಕಿ ಮುದುಕಿಯಾಗಿ ನಿಂತರೆ, ಬನ್ನೂರಿನಲ್ಲೊಮ್ಮೆ ಬಿರಿಯಾನಿ ಭಟ್ಟ ನಗುತ್ತಾ ಮೈಮರೆತು ಮುನ್ನೂರು ಜನರ ಊಟ ಸೀದುಹೋಗಿತ್ತಂತೆ. ಮತ್ತೊಂದು ಕಡೆ ಮದುಮಗ ನಕ್ಕ ರಭಸಕ್ಕೆ ಮುಖದ ಮೇಲೆ ಇಳಿಬಿಟ್ಟ ಹೂವಿನ ಸೆಹ್ರಾದ ಮಲ್ಲಿಗೆ ನುಂಗಿ, ನಿಕಾಹ್ ಅರ್ಧ ಗಂಟೆ ತಡವಾಯಿತಂತೆ. ಯಾರಾದರೂ ಫೋನ್ ಎತ್ತಿ ಹಿಡಿದರೆ ಮಾತ್ರ ಶಿವಮೂರ್ತಿ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ರೋಜಾಳಿಗೆ ಈಗ ಗೊತ್ತಾಯಿತು.

"ನಮ್ಮತ್ತೆ ಹೋದ ವರ್ಷ ತೀರ್ಕಂಡ್ರು," ಎಂದಳು ಶಾಹಿದಾ. "ಹಾಸ್ಗೆ ಹಿಡಿಯಕ್ಕೆ ಮುಂಚೆ ಕೊನೇ ಸಲ ನಕ್ಕಿದ್ದು ಖಾಲಾನ ನೋಡಿ. ಅದು ನಿಮ್ಮಮ್ಮ ಅಂತ ಮೊನ್ನೆ ಗೊತ್ತಾಯ್ತು. ಮೂರ್ತಿಮಿಯಾ ಡೇಟ್ ಕೊಡಕ್ಕಾಗಲ್ಲ, ಖಾಲಾಗೆ ಲಕ್ವ ಹೊಡ್ದದೆ ಅಂತ ಫೋನಲ್ಲಿ ಅತ್ಬಿಟ್ರು."

ಆ ಮನೆಯ ರಿವಾಜು ಗೊತ್ತಿಲ್ಲದವರಿಗೆ ಒಂದು ಮಾತು. ಅತ್ತೆಯಾದವಳು ಅಳಿಯನಿಗೆ ಮುಖ ಕೊಟ್ಟು ಮಾತಾಡುವಂತಿಲ್ಲ. ಶಿವಮೂರ್ತಿಯೋ ಮನೆಯಳಿಯ, ಒಂದೇ ಸೂರು. ಹಾಗಾಗಿ ಮಾದಮ್ಮ ಹತ್ತೊಂಬತ್ತು ವರ್ಷ ಅವನನ್ನು ಬೈದಿದ್ದೆಲ್ಲ ಹಿತ್ತಿಲ ಒರಳುಕಲ್ಲಿಗೆ ಹೇಳಿ. "ಒರಳೇ, ನನ್ ಅಳಿಯ ಬಾಗ್ಲಿದ್ದಂಗೆ ಕಣೇ, ತಳ್ಳುದ್ರೆ ಮಾತ್ರ ಸದ್ದು ಮಾಡ್ತಾನೆ." ಹೀಗೆ ಬೆಳಿಗ್ಗೆ ಸಂಜೆ. ಅವನು ತಲೆ ತಗ್ಗಿಸಿ ಮುದ್ದೆ ನುಂಗುತ್ತಾ ಕೇಳಿಸಿಕೊಳ್ಳುತ್ತಿದ್ದ. ಎಂಥ ತಾಳ್ಮೆ, ದೇವರಂಥ ಗಂಡ ಎಂದು ರೋಜಾ ಅದೆಷ್ಟು ಸಲ ಸೆರಗಲ್ಲಿ ಕಣ್ಣೊರೆಸಿಕೊಂಡಿದ್ದಳೋ... ದೇವರು ಒಂದೊಂದು ಬೈಗುಳವನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿತ್ತು!

ಸಂಜೆ ಶಿವಮೂರ್ತಿ ಮಾತ್ರೆ ತೆಗೆದುಕೊಂಡು ಬಂದಾಗ ರೋಜಾ ಅವನ ತಗಡಿನ ಪೆಟ್ಟಿಗೆಯನ್ನು ನಡುಮನೆಯಲ್ಲಿ ತೆರೆದಿಟ್ಟುಕೊಂಡು ಕುಳಿತಿದ್ದಳು. ಒಳಗೆ ಮಾದಮ್ಮನ ಕೆಂಪು ಚೌಕುಳಿ ಸೀರೆ. ಹನ್ನೊಂದು ವರ್ಷದ ಹಿಂದೆ ತಂತಿಯ ಮೇಲಿಂದ ಮಾಯವಾದದ್ದು. ಅದಕ್ಕಾಗಿ ಮಾದಮ್ಮ ಎದುರುಮನೆಯ ನಂಜುಂಡನ ಮನೆಯವರನ್ನು ಮೂರು ತಿಂಗಳು ಬಿಡದೆ ಬೈದಿದ್ದಳು.

"ನನ್ನವ್ವನ್ನ ಊರೂರಲ್ಲಿ ಕುಣಿಸ್ದಲ್ಲ ನೀನು," ಎಂದಳು ರೋಜಾ. ದನಿ ಏರಲಿಲ್ಲ, ಅದೇ ಭಯವಾಗುವಂತಿತ್ತು. "ಅವ್ಳ್ ಬಾಯಿ ಬಿದ್ದೋದ್ಮೇಲೆ ನಾನು ದಿನಾ ಅಳ್ತಿದ್ದೆ. ನೀನೂ ಅಳ್ತಿದ್ದೆ. ಅವ್ಳಿಗೋಸ್ಕರ ಅತ್ಯೋ, ಇಲ್ಲಾ ಕಸುಬು ಓಯ್ತು ಅಂತ ಅತ್ಯೋ?"

ನಾಡಿದ್ದು ನರಸೀಪುರದಲ್ಲಿ ಶಾಹಿದಾಳ ತಂಗಿ ಮಗಳ ಮದುವೆ. ಖಾಲಾ ಬಾರದಿದ್ದರೂ ಮೂರ್ತಿಮಿಯಾ ಬರಲೇಬೇಕೆಂದು ಕೇಳಿಹೋಗಿದ್ದರು. ಹೋದರೆ ತಿರುಗಿ ಈ ಹೊಸಿಲು ತುಳಿಯಬೇಡ ಎಂದಳು ರೋಜಾ. ಅವನು ತಲೆಯಾಡಿಸಿದ. ಹೋಗುವುದಿಲ್ಲ, ಇನ್ನು ಎಂದೂ ಹೋಗುವುದಿಲ್ಲ ಎಂದು.

"ನಂಗಲ್ಲ. ಅವ್ಳಿಗೇಳು."

ಶಿವಮೂರ್ತಿ ಚಾಪೆಯ ಮುಂದೆ ಹೋಗಿ ನಿಂತ. ಬಾಯಿ ತೆರೆದ, ಮುಚ್ಚಿದ. ಕನ್ನಡ ಬರಲಿಲ್ಲ. ಮಾದಮ್ಮ ರೂಢಿಯಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ಅವನು ಮರಳಿ ಬಂದು ಪೆಟ್ಟಿಗೆಯಿಂದ ಸೀರೆ ಎತ್ತಿಕೊಂಡ. ಪ್ಯಾಂಟಿನ ಮೇಲೆಯೇ ಸುತ್ತಿಕೊಂಡ. ರೋಜಾ ತಡೆಯಲು ಎದ್ದವಳು, ಅವನ ಮುಖ ನೋಡಿ ನಿಂತಲ್ಲೇ ನಿಂತಳು. ಹಿತ್ತಿಲ ಬಾಗಿಲಿನತ್ತ ತಿರುಗಿದವನ ಗಂಟಲಿನಿಂದ ಮೂರು ವಾರದ ಮೇಲೆ ಮಾದಮ್ಮನ ದನಿ ಎದ್ದಿತು.

"ಒರಳೇ, ಕೇಳ್ದೇನೇ? ನನ್ ಅಳಿಯ ಕಳ್ಳ ಕಣೇ. ನನ್ ಬಾಯಿಂದ ಉದ್ರಿದ್ದನ್ನೆಲ್ಲ ಆಯ್ಕಂಡ್ ಓಗಿ, ಮಾರ್ಕಂಡು ಉಂಡವ್ನೆ. ಒಂದ್ ಮಾತು ನನ್ನ ಕೇಳ್ನಿಲ್ಲ. ಅಲ್ಲಿ ಜನ ನಗ್ತಾವ್ರೆ, ನಾನಿಲ್ಲಿ ಒರಳಿಗ್ ಬಯ್ತಾ ಕೂತಿವ್ನಿ. ಅವ್ನಿಗೆ ಅವ್ವ ಇರ್ನಿಲ್ಲ ಕಣೇ, ಬಯ್ಯೋರು ಯಾರೂ ಇರ್ನಿಲ್ಲ... ಇಲ್ಲಿ ಸಿಕ್ತು ಅಂತ ಬಾಚ್ಕಂಡ..."

ದನಿ ಅಲ್ಲಿಗೆ ಒಡೆಯಿತು. ಅದು ಅತ್ತೆಯದೋ ಅಳಿಯನದೋ ರೋಜಾಳಿಗೆ ತಿಳಿಯಲಿಲ್ಲ.

ಮಾದಮ್ಮನ ಎಡಗೈ ಎದ್ದಿತು. ಬಾ ಎಂದು ಕರೆಯಿತು. ಹೊಡೆತಕ್ಕೆ ಸಿದ್ಧನಾದವನಂತೆ ಶಿವಮೂರ್ತಿ ಮಂಡಿಯೂರಿ ತಲೆ ತಗ್ಗಿಸಿದ. ಹತ್ತೊಂಬತ್ತು ವರ್ಷ ಅವನ ನೆರಳನ್ನೂ ತುಳಿಯದ ಆ ಹೆಂಗಸು ಅವನ ಹೆಗಲ ಮೇಲೆ ಜೋತಾಡುತ್ತಿದ್ದ ಸೆರಗನ್ನು ಹಿಡಿದು ಎಳೆದಳು. ಬೆನ್ನ ಹಿಂದಿನಿಂದ ಸುತ್ತಿ ತಂದು, ಒಂದೇ ಕೈಯಲ್ಲಿ, ಬಯ್ಯಲು ನಿಲ್ಲುವ ಮುಂಚೆ ತಾನು ಸಿಕ್ಕಿಸಿಕೊಳ್ಳುತ್ತಿದ್ದ ಹಾಗೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ಎರಡು ಸಲ ಜಾರಿತು. ಮೂರನೆಯ ಸಲ ನಿಂತಿತು. ಆಮೇಲೆ ಅವನ ಗದ್ದ ಹಿಡಿದೆತ್ತಿ, ಮೊದಲ ಬಾರಿಗೆ, ಅಳಿಯನ ಮುಖವನ್ನು ನೆಟ್ಟಗೆ ನೋಡಿದಳು. ಬಾಯಿಯ ನೆಟ್ಟಗಿದ್ದ ಅರ್ಧ ಮಾತ್ರ ಒಂದಿಷ್ಟು ಮೇಲೆದ್ದಿತು. ಕಣ್ಣೀರು ಎರಡೂ ಕಡೆ ಇಳಿಯಿತು.

ಕೊನೆಗೆ ರೋಜಾ ಮೂಗೊರೆಸಿಕೊಂಡು ಹತ್ತಿರ ಬಂದು ಸೀರೆಯ ಅಂಚನ್ನು ಮುಟ್ಟಿ ನೋಡಿದಳು. ಮುಖ ಗಂಟಿಕ್ಕಿಕೊಂಡೇ ಇತ್ತು.

"ಬಿಚ್ಕೊಡು ಇತ್ಲಾಗಿ. ಬೆವ್ರು ನಾರ್ತದೆ. ಈಗ್ಲೇ ಒಗ್ದಾಕುದ್ರೆ ನಾಡಿದ್ದಕ್ಕೆ ಒಣುಗ್ತದೆ."