ಬಸುರಿನ ಬಿಲ್ಲೆ

ಆ ಬೆಳಿಗ್ಗೆ ಶಾಕಂಬರಿಯ ರಕ್ತ ಮತ್ತೊಮ್ಮೆ ಅವಳ ಮೇಲೆಯೇ ಏರಿ ಬಂತು.

ಅವಳು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕುಬಸದ ಖಣ ನೇಯುತ್ತಿದ್ದಳು. ಲಾಳಿ ಬಲದಿಂದ ಎಡಕ್ಕೆ ಹೋಗಿ ತಿರುಗಿ ಬರುವಷ್ಟರಲ್ಲಿ ಬಲಗೈಯ ಬೆರಳ ತುದಿಗಳು ಜುಮುಗುಟ್ಟಿದವು. ಆಮೇಲೆ ಬೆರಳುಗಳೇ ಇಲ್ಲವಾದವು. ಕಣ್ಣಿಗೆ ಕಾಣುತ್ತಿದ್ದವು, ಆದರೆ ಇವೆ ಎಂದು ಕೈಗೆ ತಿಳಿಯುತ್ತಿರಲಿಲ್ಲ. ಶಾಕಂಬರಿ ಗಾಬರಿಯಾಗಲಿಲ್ಲ. ಲಾಳಿಯನ್ನು ತೊಡೆಯ ಮೇಲಿಟ್ಟು, ಎಡಗೈಯಿಂದ ಬಲದೋಳನ್ನು ಹಿಡಿದುಕೊಂಡು ಕಾದಳು. ತೋಳಿನ ಚರ್ಮದ ಕೆಳಗೆ ಹಳೆಯ ಕಾಲದ ನಾಣ್ಯದಷ್ಟು ಅಗಲದ ಬಿಲ್ಲೆಯೊಂದು ಮೆಲ್ಲಗೆ ಬೆಚ್ಚಗಾಯಿತು. ಒಲೆಯ ಮೇಲಿನ ಚಹಾ ಉಕ್ಕಿ ಬರುವ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಮನೆಗೆ ತಿರುಗಿ ಬಂದವು.

ಅವುಗಳ ಹಿಂದೆಯೇ, ಯಾವಾಗಿನಂತೆ, ನಾಲಗೆಯ ಆಸೆಯೂ ಬಂತು.

“ಅತ್ತೀ, ಹುಣಸಿಕಾಯಿ ಐತೇನು ಮನ್ಯಾಗ?”

ಅಡಿಗೆಮನೆಯಿಂದ ನಿಂಬೆವ್ವ ನಕ್ಕಳು. “ಬಂತು ನೋಡು ಬಯಕಿ! ಹ್ವಾದ ಸಲ ಒಲಿ ಮಣ್ಣು ಕೆರಕೊಂಡು ತಿಂದಿದ್ದಿ. ಈ ಸಲ ಹುಣಸಿ ಅಂದ್ರ ನನ್ನ ಒಲಿ ಉಳೀತು ಬಿಡವ್ವಾ.”

ಗುಳೇದಗುಡ್ಡದ ಆ ಓಣಿಯಲ್ಲಿ ಈ ಬಿಲ್ಲೆಯ ಸಂಗತಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದೇ ಆಮೇಲೆ ತೊಂದರೆಯಾಯಿತು.

ಶಾಕಂಬರಿಯ ರೋಗಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು. ಜರಿಯ ಎಳೆ ನೋಡಿದವರಿಗೆ ಅದನ್ನು ತಿಳಿಸುವುದು ಕಷ್ಟವಲ್ಲ. ಒಳಗೆ ನೂಲು, ಮೇಲೆ ಹೊಳಪಿನ ಸುತ್ತು. ನಮ್ಮ ನರಗಳಿಗೂ ಹಾಗೆಯೇ ಮೇಲೊಂದು ಸುತ್ತು ಇರುತ್ತದೆ. ಮಿದುಳಿನ ಮಾತು ಕೈಕಾಲಿಗೆ ಸೋರದೆ ಮುಟ್ಟುವುದು ಅದರಿಂದಲೇ. ಈ ರೋಗದಲ್ಲಿ, ಹೊರಗಿನಿಂದ ಬಂದ ರೋಗಾಣುಗಳನ್ನು ಕೊಲ್ಲಬೇಕಾದ ರಕ್ತದ ಕಾವಲುಗಾರರೇ ಆ ಸುತ್ತನ್ನು ಹಗೆಯೆಂದು ತಿಳಿದು ಕಡಿಯುತ್ತಾರೆ. ಕಡಿದಲ್ಲಿ ಮಾತು ತಪ್ಪುತ್ತದೆ. ಒಂದು ಸಲ ಕಣ್ಣು ಮಂಜಾಗುತ್ತದೆ, ಇನ್ನೊಂದು ಸಲ ಕಾಲು ಎಳೆಯುತ್ತದೆ. ಕೆಲವು ವಾರ ಹಾಗಿದ್ದು, ಮತ್ತೆ ತಾನಾಗಿ ಸುಮ್ಮನಾಗುತ್ತದೆ. ಯಾವಾಗ ಮತ್ತೆ ಏರಿ ಬಂದೀತೆಂದು ಹೇಳುವವರಿಲ್ಲ.

ಏರಿ ಬಂದಾಗಲೆಲ್ಲ ಮೊದಲು ಸ್ಟೆರಾಯ್ಡ್ ಕೊಡುತ್ತಿದ್ದರು. ಅದು ರಕ್ತದ ಸಿಟ್ಟನ್ನು ಬಡಿದು ಮಲಗಿಸುವ ಔಷಧ. ಸಲೈನಿನಲ್ಲಿ ಬಿಟ್ಟ ಕೂಡಲೆ ನಾಲಗೆಗೆ ಕಬ್ಬಿಣದ ರುಚಿ ಬರುತ್ತಿತ್ತು, ಕಣ್ಣಿನ ನಿದ್ದೆ ಹೋಗುತ್ತಿತ್ತು, ಮುಖ ಊದಿ ಗುಂಡಗಾಗುತ್ತಿತ್ತು. ಮತ್ತೆ ಮತ್ತೆ ಕೊಟ್ಟು ಶಾಕಂಬರಿಯ ಸೊಂಟದ ಎಲುಬು ಸವೆದು ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಸವೆಸಿದ್ದು ಮನೆಯ ಮಾತು. “ಮುಖ ನೋಡಿದ್ರ ತುಂಬಿದ ಚಂದ್ರ ಆಗ್ಯಾಳ, ಏಳು ಅಂದ್ರ ದಣಿವು ಅಂತಾಳ. ಸೋಗು, ಸೋಗು,” ಎಂದು ಇದೇ ನಿಂಬೆವ್ವ ಬೀದಿಗೆ ಕೇಳುವಂತೆ ಅನ್ನುತ್ತಿದ್ದಳು. ಗಂಡ ಹೊಳೆಬಸು ತಾಯಿ ಹೆಂಡತಿಯರ ನಡುವೆ ಮಗ್ಗದ ಹಗ್ಗ ಬಿಗಿಯುತ್ತ ಕೂಡುತ್ತಿದ್ದ.

ಆಗ ಬಾಗಲಕೋಟೆಯಲ್ಲಿ ಡಾಕ್ಟರ್ ವೈಜಯಂತಿ ಕಟ್ಟಿಯವರು ಈ ಬಿಲ್ಲೆ ಮಾಡಿದ್ದರು. ಬಸುರಿಯಾದ ತಿಂಗಳುಗಳಲ್ಲಿ ಈ ರೋಗ ಹೆಚ್ಚಿನ ಹೆಂಗಸರಲ್ಲಿ ತಣ್ಣಗಿರುತ್ತದೆ ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದ ತಿಳಿದ ಸಂಗತಿ. ಹೊಟ್ಟೆಯ ಕೂಸು ಅರ್ಧ ತಂದೆಯದು. ತಾಯಿಯ ರಕ್ತಕ್ಕೆ ಅದು ಹೊರಗಿನದು. ಆದರೂ ರಕ್ತ ಅದರ ಮೇಲೆ ಬೀಳುವುದಿಲ್ಲ. ಕೂಸಿನ ಮಾಸು ತಾಯಿಯ ರಕ್ತಕ್ಕೆ ಸದಾ ಹೇಳಿ ಕಳಿಸುತ್ತಿರುತ್ತದೆ: ಇಲ್ಲೊಬ್ಬರು ಬಂದಿದ್ದಾರೆ, ಕತ್ತಿ ಒರೆಗೆ ಹಾಕಿರಿ. ಡಾಕ್ಟರರು ಆ ಮಾತನ್ನು ಹಿಡಿದು ಬಿಲ್ಲೆಯೊಳಗೆ ಕೂಡಿಸಿದರು. ಕೂಸಿಲ್ಲದೆ ಬಸುರಿನ ಶಾಂತಿ. ದಾಖಲೆಯಲ್ಲಿ ಅದಕ್ಕೆ ಗರ್ಭಸಂಕೇತ ಯಂತ್ರವೆಂದು ಹೆಸರು. ಜನರ ಬಾಯಲ್ಲಿ ಬಸುರಿನ ಬಿಲ್ಲೆ.

ಗಂಡಸರಿಗೂ ಈ ರೋಗ ಬರುವುದುಂಟು, ಹೆಂಗಸರಿಗಿಂತ ಕಡಿಮೆ. ಬಿಲ್ಲೆ ಅವರ ಮೈಗೂ ಒಗ್ಗುತ್ತಿತ್ತು. ಬಾದಾಮಿಯ ಒಬ್ಬ ಕವಾಯತು ಮಾಸ್ತರರು ಹಾಕಿಸಿಕೊಂಡು, ಪಾಠದ ಹೊತ್ತಿನಲ್ಲಿ ಮಾವಿನಕಾಯಿಗೆ ಕಲ್ಲು ಹೊಡೆಯುತ್ತ ಸಿಕ್ಕಿಬಿದ್ದರಂತೆ. ಮರುವಾರವೇ ತೆಗೆಸಿಬಿಟ್ಟರು. ಬಯಕೆ ಪಡುವುದಕ್ಕಿಂತ ಕುಂಟುತ್ತ ನಡೆಯುವುದೇ ಅವರಿಗೆ ಮರ್ಯಾದೆಯೆನಿಸಿತು.

ಶಾಕಂಬರಿಗೆ ಮೊದಲ ಬಿಲ್ಲೆ ಹಾಕಿದಾಗ ಡಾಕ್ಟರರು ನಿಂಬೆವ್ವನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದ್ದರು. “ಹೊಟ್ಟ್ಯಾಗ ಕೂಸು ಇರೂದಿಲ್ಲ ಅಜ್ಜೀ. ಮೈ ಮಾತ್ರ ಐತಿ ಅಂತ ನಂಬತೈತಿ. ಅಷ್ಟ.”

ನಿಂಬೆವ್ವ ಅದನ್ನು ಕಿವಿಗೊಟ್ಟು ಕೇಳಿದಳು. ಬಸ್ಸಿನುದ್ದಕ್ಕೂ ಯೋಚನೆ ಮಾಡಿದಳು. ಏಳನೆಯ ತಿಂಗಳಿಗೆ ಸೊಸೆಗೆ ಕುಬಸ, ಅಂದರೆ ಸೀಮಂತ, ಮಾಡುತ್ತೇನೆಂದು ಹೊರಟಳು.

“ಹುಚ್ಚ ಹಿಡದೈತೇನು ನಿನಗ?” ಹೊಳೆಬಸು ಅಪರೂಪಕ್ಕೆ ದನಿ ಏರಿಸಿದ. “ಕೂಸ ಇಲ್ಲದ ಕುಬಸ ಯಾರು ಮಾಡ್ತಾರ?”

“ನಿನಗೇನ ತಿಳೀತೈತಿ, ಸುಮ್ಮನ ಕೂಡ್ರು. ಮೈ ನಂಬಿದ್ರ ಬ್ಯಾನಿ ಬರಂಗಿಲ್ಲ ಅಂತ ಡಾಕ್ಟರ್ ಬಾಯಾರು ಹೇಳ್ಯಾರ. ನಂಬಿಸೂದ ಖರೇ ಆದ್ರ ಪೂರಾ ನಂಬಿಸಬೇಕು. ಹಸರ ಬಳಿ ಇಲ್ಲ, ಉಡಿ ತುಂಬಿಲ್ಲ ಅಂದ್ರ ಮೈಗೆ ಸಂಶೇ ಬರೂದಿಲ್ಲೇನು?”

ಓಣಿಯ ಹೆಂಗಸರು ಬುತ್ತಿ ಹೊತ್ತು ತಂದರು. ಹಸಿರು ಸೀರೆ ಉಡಿಸಿ, ಶಾಕಂಬರಿ ತಾನೇ ನೇಯ್ದಿದ್ದ ಖಣದ ಕುಬಸ ತೊಡಿಸಿ, ಉಡಿಯಲ್ಲಿ ಅಕ್ಕಿ, ಕೊಬ್ಬರಿಬಟ್ಟಲು, ಉತ್ತತ್ತಿ ತುಂಬಿದರು. ನಗೆಯಿತ್ತು, ಹಾಡಿತ್ತು. ಶಾಕಂಬರಿ ಆ ಮನೆಗೆ ಬಂದ ಮೇಲೆ ಮೊದಲ ಸಲ ಯಾರೋ ಅವಳ ಬೆನ್ನ ಹಿಂದೆ ದಿಂಬು ಇಟ್ಟರು. “ಏಳಬ್ಯಾಡ, ನಾ ತಂದ ಕೊಡ್ತೀನಿ,” ಎಂದಳು ನಿಂಬೆವ್ವ. ಅದೇ ದಣಿವು, ಅದೇ ಸೊಂಟ. ಸೋಗು ಎಂಬ ಮಾತು ಮಾತ್ರ ಆ ದಿನದಿಂದ ಮನೆಯಲ್ಲಿ ಹುಟ್ಟಲಿಲ್ಲ.

ಒಂಬತ್ತು ತಿಂಗಳ ನಂತರ ಬಿಲ್ಲೆ ಬದಲಿಸಬೇಕು. ಅದಕ್ಕೂ ಮುಂದೆ ಎಳೆದರೆ ರಕ್ತ ನಂಬುವುದಿಲ್ಲ. ಹಳೆಯದನ್ನು ತೆಗೆದು ಅಂದೇ ಹೊಸದನ್ನು ಹಾಕುತ್ತಾರೆ. ಆದರೆ ಹೊಸದು ಮೊದಲ ತಿಂಗಳ ಬಸುರಿನ ಹಾಗೆ ಬಹಳ ಮೆಲ್ಲಗೆ ಮಾತಾಡುತ್ತದೆ. ರೋಗವನ್ನು ತಡೆಯಲು ಅಷ್ಟು ಸಾಕು. ಮೈಯನ್ನು ಸಮಾಧಾನ ಮಾಡಲು ಸಾಲದು. ಇಷ್ಟು ದಿನದ ದೊಡ್ಡ ದನಿ ಒಮ್ಮೆಲೆ ನಿಂತಿತೆಂದರೆ, ಹೆರಿಗೆಯಾಯಿತೆಂದು ಮೈ ತಿಳಿಯುತ್ತದೆ.

ಮೂರನೆಯ ದಿನ ಶಾಕಂಬರಿಗೆ ಹಾಲು ಬಂತು. ಎದೆ ಕಲ್ಲಾಗಿ, ಕುಬಸ ತೊಯ್ದು, ಏನು ಮಾಡಬೇಕೆಂದು ತಿಳಿಯದೆ ಹಿತ್ತಲ ಗೋಡೆಗೆ ಹಿಂಡಿದಳು. ಪಕ್ಕದ ಮನೆಯಲ್ಲಿ ಕೂಸು ಅತ್ತರೆ ಕಾಲು ತಾನಾಗಿ ಏಳುತ್ತಿತ್ತು. ಕೂಸಿಲ್ಲವೆಂದು ತಲೆಗೆ ಗೊತ್ತು, ಕೈಗಳಿಗೆ ಗೊತ್ತಿಲ್ಲ. ಅವು ಹಾಸಿಗೆಯ ಮಗ್ಗುಲನ್ನು ತಡವುತ್ತಿದ್ದವು. ತಿಂಗಳಿಗೂ ಮಿಕ್ಕಿ ಅತ್ತಳು. ನಿಂಬೆವ್ವ ಖಾರ ಕುಟ್ಟಿ, ಬಾಣಂತಿಯ ಲೇಹ್ಯ ಮಾಡಿ ಕೊಟ್ಟು, ಕೊನೆಗೆ ತಾನೂ ಮಗ್ಗುಲಲ್ಲಿ ಕೂತು ಅತ್ತಳು. ಹೀಗೆ ಎರಡನೆಯದು, ಮೂರನೆಯದು. ಕುಬಸದಲ್ಲಿ ಉಂಡು ಹೋದ ಓಣಿ ಪ್ರತಿ ಸಲವೂ ಲೆಕ್ಕ ಇಟ್ಟಿತು. ಶಾಕವ್ವನ ಉಡಿ ಮತ್ತೆ ಖಾಲಿಯಾಯಿತಂತೆ ಎಂದು ಮಾತಾಯಿತು. ಬಿಲ್ಲೆಯ ವಿಷಯ ಎಲ್ಲರಿಗೂ ಗೊತ್ತು. ಆದರೆ ಉಡಿ ತುಂಬಿದ್ದನ್ನು ಕಣ್ಣಾರೆ ನೋಡಿದ್ದರಲ್ಲ.

ನಾಲ್ಕನೆಯ ಬಿಲ್ಲೆಯ ಕೊನೆಯ ದಿನಗಳಲ್ಲಿ, ಆ ಹುಣಸೆಕಾಯಿಯ ಬೆಳಿಗ್ಗೆಯೇ, ಖಣ ಒಯ್ಯುವ ವ್ಯಾಪಾರಿ ಮಲಕಾಜಪ್ಪ ಬಂದ. ಚಹಾ ಕುಡಿದ. ಅತ್ತಿತ್ತಲ ಮಾತು ಮುಗಿದ ಮೇಲೆ ಗಂಟಿನಿಂದ ಖಣಗಳನ್ನು ತೆಗೆದು ಚಾಪೆಯ ಮೇಲಿಟ್ಟ. ಎಲ್ಲವೂ ಶಾಕಂಬರಿ ನೇಯ್ದವು.

“ತಪ್ಪ ತಿಳೀಬ್ಯಾಡವ್ವಾ ತಂಗಿ. ಹೊರಳಿ ಬಂದಾವು.”

“ಯಾಕ ಕಾಕಾ? ನೇಯ್ಗಿ ಸಡಲ ಆಗೈತೇನು?”

“ನೇಯ್ಗಿ ಬಂಗಾರ. ಆದ್ರ ಈಗ ಪ್ರತಿ ಖಣದಾಗ ಆ ಗುರುತಿನ ಎಳಿ ಇರ್ತೈತಲ್ಲ, ಫೋನ್ ಹಿಡದ ಕೂಡ್ಲೆ ನೇದಾಕಿ ಹೆಸರು, ಮುಖ ಎಲ್ಲಾ ತೋರಸ್ತೈತಿ. ಈ ಖಣ ಒಯ್ಯಾವ್ರು ಯಾರು? ಕುಬಸ ಮಾಡಾವ್ರು. ಸಲಕ್ಕೊಮ್ಮೆ ಉಡಿ ಖಾಲಿ ಆಗಾಕಿ ನೇದದ್ದನ್ನ ನಮ್ಮ ಬಸರ ಹುಡಿಗಿಗಿ ಹೆಂಗ ತೊಡಸೂದು ಅಂತಾರ. ನಾ ಏನ್ ಮಾಡ್ಲಿ, ಹೇಳು.”

ಶಾಕಂಬರಿ ಖಣಗಳನ್ನು ನೋಡಿದಳು. ಬೆರಳುಗಳನ್ನು ನೋಡಿಕೊಂಡಳು. ಈ ಬೆರಳುಗಳಿಗಾಗಿಯೇ ಇಷ್ಟೆಲ್ಲ ಆಗಿತ್ತು.

ಹೊಳೆಬಸು ಕೆಮ್ಮಿದ. “ಎಳ್ಯಾಗ ನನ್ನ ಹೆಸರು ಹಾಕಿದ್ರ ಆತಲ್ಲ ಕಾಕಾ. ನೇಯೂದು ಅಕೀನ ನೇಯಲಿ.”

“ಹಂಗಾದ್ರ ತಕರಾರ ಇಲ್ಲ ನೋಡು!” ಮಲಕಾಜಪ್ಪನ ಮುಖ ಅರಳಿತು. “ಗಂಡಸರ ಹೆಸರಿಗೆ ಯಾವ ಸೂತಕಾನೂ ಇಲ್ಲ.”

ಇಬ್ಬರೂ ನಿರಾಳರಾದರು. ಶಾಕಂಬರಿಗೆ ಬೈಯಲು ಕೂಡ ಯಾರೂ ಸಿಗಲಿಲ್ಲ. ಒಬ್ಬೊಬ್ಬರೂ ಅವಳ ಒಳ್ಳೆಯದನ್ನೇ ಮಾಡುತ್ತಿದ್ದರು.

ಬಿಲ್ಲೆ ಬದಲಿಸುವ ದಿನ ಅವಳು ಒಬ್ಬಳೇ ಬಾಗಲಕೋಟೆಗೆ ಹೋದಳು. ಡಾಕ್ಟರ್ ಕಟ್ಟಿಯವರು ಮಿದುಳಿನ ಚಿತ್ರವನ್ನು ಗೋಡೆಯ ಪರದೆಯ ಮೇಲೆ ತೋರಿಸಿ, “ನೋಡ್ರಿ ಶಾಕಂಬರಿ, ಹೊಸ ಗಾಯ ಒಂದೂ ಇಲ್ಲ. ನಿಮ್ಮಷ್ಟು ಛಲೋ ಇದ್ದಾವ್ರು ನನ್ನ ರೋಗಿಗಳೊಳಗ ಯಾರೂ ಇಲ್ಲ,” ಎಂದರು. ಅವರ ಮುಖದಲ್ಲಿ ಹೆಮ್ಮೆಯಿತ್ತು, ಸುಳ್ಳಿರಲಿಲ್ಲ.

“ತಗೀರಿ ಬಾಯಾರ. ಹೊಸಾದು ಬ್ಯಾಡ.”

ಡಾಕ್ಟರರ ಕೈ ನಿಂತಿತು. ಶಾಕಂಬರಿ ಎಲ್ಲ ಹೇಳಿದಳು. ಹಾಲು, ಹಿತ್ತಲ ಗೋಡೆ, ಹಾಸಿಗೆ ತಡವುವ ಕೈ, ಹೊರಳಿ ಬಂದ ಖಣ.

“ಅಳೂದು ಇರ್ತೈತಿ ಅಂತ ನನಗ ಗೊತ್ತಿತ್ತು,” ಡಾಕ್ಟರರು ಅಂದರು. “ಬಾಣಂತ್ಯಾರು ಅಳ್ತಾರ. ಅದು ಸಹಜ ಅಂತ ಬಿಟ್ವಿ. ಕೂಸು ಇದ್ದಾವ್ರು ಅಳೂದು ಬ್ಯಾರೆ, ಇಲ್ಲದಾವ್ರು ಅಳೂದು ಬ್ಯಾರೆ ಅಂತ ನಾ ಕೇಳಲಿಲ್ಲ.” ಪರದೆಯ ಕಡೆ ಕೈ ತೋರಿಸಿ, “ಆದ್ರ ಇದನ್ನ ಬಿಟ್ರ ಮತ್ತ ಸ್ಟೆರಾಯ್ಡ್. ನಿಮ್ಮ ಎಲುಬು ತಡಿಯಂಗಿಲ್ಲ. ಕೈ ಹೋದೀತು, ಕಣ್ಣೂ ಹೋದೀತು.”

“ಒಂದ ಮಾತು ಕೇಳ್ತೀನಿ, ನಗಬ್ಯಾಡ್ರಿ. ನನ್ನ ರಕ್ತಕ್ಕ ಕೂಸು ಐತಿ, ಬಿಡ್ರಿ ಅಂತ ಹೇಳ್ತೀರಿ. ಬಿಡತೈತಿ. ಕೂಸಿನ ಸುದ್ದಿ ಬ್ಯಾಡ, ಇಲ್ಲಿ ಶಾಕಂಬರಿ ಅದಾಳ, ಇಕಿನ್ನ ಬಿಡ್ರಿ ಅಂತ ಹೇಳಾಕ ಬರೂದಿಲ್ಲೇನು?”

ಡಾಕ್ಟರರು ನಗಲಿಲ್ಲ. ಪರದೆಯನ್ನು ಬಂದ್ ಮಾಡಿದರು.

“ಅಂಥಾ ಮಾತು ಮೈಯೊಳಗ ಎಲ್ಲಿ ಐತಿ ಅಂತ ಯಾರಿಗೂ ಗೊತ್ತಿಲ್ಲ. ಹುಡುಕಬೇಕು ಅಂದ್ರ ವರ್ಷಗಟ್ಟಲೆ ಬೇಕು, ರೊಕ್ಕ ಬೇಕು. ಸರಕಾರದಾವ್ರನ್ನ ನಾ ಕೇಳಿದ್ನಿ. ಇರೂ ಬಿಲ್ಲಿ ಕೆಲಸ ಮಾಡಾಕತ್ತೈತಲ್ಲ, ಮತ್ತ್ಯಾಕ ಅಂದ್ರು.”

ಹೊರಗೆ ಬಿಸಿಲಿನಲ್ಲಿ ಸರತಿ ಬೆಳೆದಿತ್ತು. ಶಾಕಂಬರಿ ತನ್ನ ಬಲಗೈಯನ್ನು ಮುಚ್ಚಿ ತೆರೆದಳು. ಹೆಸರು ಹೋದರೂ ನೇಯುವ ಕೈ ಇದು. ಒಂದು ಲಾಳಿ ಎಸೆದ ಸುಖ ಇನ್ನೂ ಇದರಲ್ಲಿತ್ತು. ಅದನ್ನೂ ಬಿಟ್ಟುಕೊಟ್ಟರೆ ಆಮೇಲೆ ಉಳಿಯುವುದು ಏನು?

“ಹಾಕ್ರಿ,” ಎಂದು ತೋಳು ಚಾಚಿ ಮುಖ ತಿರುಗಿಸಿಕೊಂಡಳು.

ಗುಳೇದಗುಡ್ಡದ ಬಸ್ಸು ತುಂಬಿತ್ತು. ಬಿಲ್ಲೆಯವರಿಗೆ ಸರಕಾರ ಮಣಿಕಟ್ಟಿಗೆ ಹಸಿರು ಪಟ್ಟಿ ಕೊಟ್ಟಿತ್ತು. ಬಸುರಿಯರ ಆಸನದಲ್ಲಿ ಅವರೂ ಕೂಡಬಹುದು. ಪಟ್ಟಿ ಕಂಡದ್ದೇ ಒಬ್ಬ ದೊಡ್ಡ ಮನುಷ್ಯ ಎದ್ದು, “ಕೂಡ್ರಿ ತಂಗೀ,” ಎಂದ. ಶಾಕಂಬರಿ ಕೂತಳು. ಮೂರು ದಿನದಲ್ಲಿ ಹಾಲು ಬರುತ್ತದೆ ಎಂದುಕೊಂಡಳು.

ಮುಂದಿನ ನಿಲ್ದಾಣದಲ್ಲಿ ಒಬ್ಬ ಹರೆಯದ ಹೆಂಗಸು ಹತ್ತಿದಳು. ಎಡಗಾಲನ್ನು ತುಸು ಎಳೆದು ಇಟ್ಟದ್ದನ್ನು ಶಾಕಂಬರಿ ನೋಡಿದಳು. ಆ ನಡಿಗೆಯ ಗುರುತನ್ನು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಕೈಗೆ ಪಟ್ಟಿಯಿರಲಿಲ್ಲ. ಅವಳು ಕಂಬಿ ಹಿಡಿದು ನಿಂತಳು, ಮೊಣಕಾಲು ನಡುಗುತ್ತಿತ್ತು. ಎದುರಿನ ಆಸನದವನು ಮೊದಲು ಅವಳ ಹೊಟ್ಟೆ ನೋಡಿದ. ಅಲ್ಲಿ ಏನೂ ಕಾಣಲಿಲ್ಲವಾಗಿ ಕಿಟಕಿಯ ಹೊರಗೆ ನೋಡತೊಡಗಿದ.

ಶಾಕಂಬರಿ ಸರಿದು ಜಾಗ ಮಾಡಿದಳು. ಕಂಡಕ್ಟರ್ ಅಲ್ಲಿಂದಲೇ ಕೂಗಿದ: “ಆ ಸೀಟು ಬಸರ ಹೆಣ್ಮಕ್ಕಳಿಗಷ್ಟ ಐತ್ರೀ. ಏಳ್ರಿ, ಏಳ್ರಿ.”

“ನನಗ ಬ್ಯಾನಿ ಐತ್ರೀ ಅಣ್ಣಾ, ಕಾಲು ನಿಲ್ಲೂದಿಲ್ಲ,” ಎಂದಳು ಆ ಹೆಂಗಸು.

“ಬ್ಯಾನಿ ಯಾರಿಗಿಲ್ಲವ್ವಾ? ನನಗೂ ಐತಿ ನಡ ಬ್ಯಾನಿ. ನಾ ನಿಂತಿಲ್ಲೇನು?” ಬಸ್ಸಿನಲ್ಲಿ ನಾಲ್ಕು ಜನ ನಕ್ಕರು.

“ಇಕಿಗೆ ಮೂರು ತಿಂಗಳ,” ಎಂದಳು ಶಾಕಂಬರಿ.

ನಗೆ ನಿಂತಿತು. ಕಂಡಕ್ಟರ್ ನಾಲಗೆ ಕಚ್ಚಿಕೊಂಡ. “ಮೊದಲ ಹೇಳಬಾರದೇನ್ರೀ ಅಕ್ಕಾರ! ಕೂಡ್ರಿ, ಆರಾಮ ಕೂಡ್ರಿ.” ಕಿಟಕಿಯವನು ತನ್ನ ನೀರಿನ ಬಾಟಲಿ ಚಾಚಿದ. ಮುಂದಿನಿಂದ ಒಬ್ಬ ಮುದುಕಿ ನಿಂಬೆಹಣ್ಣು ಕೊಟ್ಟು ಕಳಿಸಿದಳು.

ಹೆಂಗಸು ಕೂತು, ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ತೆಗೆದುಕೊಂಡಳು. ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು. “ಯಾಕ್ರೀ ಸುಳ್ಳ ಹೇಳಿದ್ರಿ?” ಎಂದು ಪಿಸುಗುಟ್ಟಿದಳು.

“ಖರೇ ನೀನ ಹೇಳಿದೆಲ್ಲವ್ವಾ,” ಎಂದಳು ಶಾಕಂಬರಿ. “ಯಾರರೆ ಕೇಳಿದ್ರೇನು?”

ಕಂಡಕ್ಟರ್ ಚಾಲಕನಿಗೆ ಏನೋ ಕೂಗಿ ಹೇಳಿದ. ರಸ್ತೆಯ ಮುಂದಿನ ಉಬ್ಬು ಬಂದಾಗ ಬಸ್ಸು ಬಹಳ ಮೆಲ್ಲಗೆ, ಒಳಗೆ ಕೂಸೊಂದು ಮಲಗಿದೆಯೇನೋ ಎಂಬ ಹಾಗೆ ದಾಟಿತು.