ಅಕ್ಕನ ಹಿತ್ತಲು

ಆ ವಿಡಿಯೋ ಗೇಮಿಗೆ ಯಾವ ರೋಗವೂ ಇರಲಿಲ್ಲ. ಎರಡನೇ ಭಾಗ ಮಾರಾಟವಾಗಬೇಕಿತ್ತು, ಅದಕ್ಕೇ ಕಂಪನಿ ಮೊದಲನೆಯದರ ಕತ್ತು ಹಿಸುಕುತ್ತಿತ್ತು. ಶುಕ್ರವಾರ ಸರ್ವರ್ ಆರಿಸಿದರೆ ಮುಗಿಯಿತು. ದುಡ್ಡು ಕೊಟ್ಟು ಕೊಂಡವರ ಮನೆಯಲ್ಲೂ ಆಟ ತೆರೆಯದು. ಅದರೊಳಗೆ, ತೀರಿಹೋದ ಅಕ್ಕ ಆಸ್ಪತ್ರೆಯ ಮಂಚದಿಂದಲೇ ಬೆಳೆಸಿದ ಹಿತ್ತಲಿತ್ತು. ಗಿಡಗಿಡಕ್ಕೂ ಅವಳದೇ ದನಿಯ ಮಾತಿತ್ತು. ಆರಿಸಬೇಕಾದವನು, ಸರ್ವರ್ ಕೋಣೆ ನೋಡಿಕೊಳ್ಳುವ ಅವಳ ತಮ್ಮ.

“ಒಂದು ಕಾಪಿ ಕೊಡಿ ಸಾರ್,” ಎಂದು ಮ್ಯಾನೇಜರನ್ನು ಮೂರು ಸಲ ಅಂಗಲಾಚಿದ.

“ನಿಮ್ಮಕ್ಕನ ಜೊತೆ ನಾನೂ ಆಡಿದೋನೇ ಕಣಯ್ಯಾ. ಆದ್ರೆ ರೂಲ್ಸು ರೂಲ್ಸೇ. ಸರ್ವರ್ ಡಿಸ್ಕ್ ಹೊರಗೆ ಹೋದ್ರೆ ಪೊಲೀಸ್ ಕೇಸು.”

ತಮ್ಮನಿಗೆ ಮೈಯೆಲ್ಲ ಉರಿಯಿತು. ಸರಿ, ಕದಿಯುವುದೇ.

ಯೋಜನೆಯಲ್ಲಿ ಕೂದಲೆಳೆಯಷ್ಟೂ ಸಂದಿರಲಿಲ್ಲ. ಆರಿಸಿದ ಸರ್ವರಿನ ಡಿಸ್ಕುಗಳನ್ನು ಪುಡಿ ಮಾಡುವವನು ನೋಡುವುದು ಮೇಲಿನ ಚೀಟಿಯನ್ನಷ್ಟೇ. ಕೆಟ್ಟು ಮೂಲೆಗೆ ಬಿದ್ದಿದ್ದ ಡಿಸ್ಕಿಗೆ ಆಟದ ಡಿಸ್ಕಿನ ಚೀಟಿ ಅಂಟಿಸಿದ. ಶುಕ್ರವಾರ ಮ್ಯಾನೇಜರ ಕಣ್ಣೆದುರೇ ಅದು ನುಚ್ಚುನೂರಾಯಿತು. ಇಬ್ಬರೂ ಸಹಿ ಹಾಕಿದರು. ಅಸಲಿ ಡಿಸ್ಕು ಊಟದ ಡಬ್ಬಿಯಲ್ಲಿ ಮನೆ ಸೇರಿತು.

ಭಾನುವಾರ ಬೆಳಿಗ್ಗೆ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅಕ್ಕ ಆಡುತ್ತಿದ್ದ ಗೇಮಿನ ಪೆಟ್ಟಿಗೆಗೆ ಜೋಡಿಸಿದ. ಇನ್ನುಳಿದ ಅಪಾಯ ಒಂದೇ. ಇಂಟರ್ನೆಟ್ ಸಿಕ್ಕರೆ ಈ ಚಾಡಿಕೋರ ಪೆಟ್ಟಿಗೆ ಯಾರು ಆಡುತ್ತಿದ್ದಾರೆಂದು ಮೊದಲು ಕಂಪನಿಗೆ ಸುದ್ದಿ ಮುಟ್ಟಿಸುತ್ತದೆ. ಮನೆಯ ಇಂಟರ್ನೆಟ್ ತಂತಿಯನ್ನೇ ಕಿತ್ತಿಟ್ಟ.

“ರೀ, ನೆಟ್ ಹೋಯ್ತು! ಅಮ್ಮನ ಹತ್ರ ವಿಡಿಯೋ ಕಾಲಲ್ಲಿದ್ದೆ,” ಎಂದು ಒಳಗಿನಿಂದ ಹೆಂಡತಿ ಕೂಗಿದಳು.

“ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದೀನಿ, ತಗೊಳೇ!”

ಪರದೆ ಬೆಳಗಿತು. ಹಿತ್ತಲು ಹಾಗೆಯೇ ಇತ್ತು. ಗುಲಾಬಿ ಗಿಡವನ್ನು ಮುಟ್ಟಿದ. “ನೀರು ಹಾಕೋ ಸೋಮಾರಿ,” ಎಂದಳು ಅಕ್ಕ. ಎರಡು ವರ್ಷಗಳ ಮೇಲೆ ಆ ಬೈಗುಳ ಕೇಳಿ ಅವನು ಗಳಗಳನೆ ಅತ್ತುಬಿಟ್ಟ.

ಫೋನು ಹೊಡೆದುಕೊಂಡಿತು. “ಏನಯ್ಯಾ ಇದು?” ಅತ್ತ ಕಡೆಯಿಂದ ಮ್ಯಾನೇಜರ ದನಿ. “ನಿಮ್ಮಕ್ಕ ಈಗ ಹಿತ್ತಲಿಗೆ ಬಂದಿದಾರೆ, ಜೊತೆಗೆ ಆಡೋಕೆ ಬನ್ನಿ ಅಂತ ನನ್ನ ಫೋನಿಗೆ ಮೆಸೇಜ್ ಬಂದಿದೆಯಲ್ಲೋ!” ತಮ್ಮ ಪೆಟ್ಟಿಗೆಯತ್ತ ತಿರುಗಿದ. ಅದರ ಮೂಲೆಯಲ್ಲಿ ಇಂಟರ್ನೆಟ್ಟಿನ ಹಸಿರು ದೀಪ ಉರಿಯುತ್ತಿತ್ತು. ಆಸ್ಪತ್ರೆಯಲ್ಲಿ ನೆಟ್ ಇಲ್ಲವೆಂದು ಅಕ್ಕ ಹಟ ಹಿಡಿದಿದ್ದಾಗ ಈ ಪೆಟ್ಟಿಗೆಗೆ ದಿನವೂ ಅವನು ಕೊಡುತ್ತಿದ್ದದ್ದು ಇದೇ ಫೋನಿನ ಹಾಟ್‌ಸ್ಪಾಟ್. ಪೆಟ್ಟಿಗೆ ಅದನ್ನು ಮರೆತಿರಲಿಲ್ಲ.