ತಾಟಿನ ಅಂಚಿನ ಬೆಲ್ಲ

"ನಿಂತು ನೋಡಂಗಿಲ್ರಿ. ಮೊದಲ ಕೂಡ್ರಿ, ಉಣ್ರಿ."

ಬಾಗಿಲಲ್ಲಿ ತಡೆದವನ ದನಿ ಮೆತ್ತಗಿತ್ತು. ಆದರೂ ಮಯೂರಿಗೆ ಮೈಯೆಲ್ಲ ಉರಿಯಿತು.

"ನಾ ಉಣ್ಣಾಕ ಬಂದಿಲ್ರಿ. ಈ ಸೀರಿ ಕೊಟ್ಟು, ಮನಿ ನೋಡ್ಕೊಂಡು ಹೋಗಾಕ ಬಂದೇನಿ."

"ಹೌದ್ರಿ. ಆದ್ರ ಇಲ್ಲಿ ಹಸದವರು ಉಣ್ಣೂದನ್ನ ಯಾರೂ ನಿಂತು ನೋಡಂಗಿಲ್ಲ. ಬಂದವರೆಲ್ಲಾ ಪಂಕ್ತಿಗೆ ಕೂಡಬೇಕು. ನಾಳೆ ಬಿಷಪ್ಪರು ಬಂದ್ರೂ ಅಷ್ಟ."

ಚಿಕ್ಕೋಡಿಯಿಂದ ಅಂಕಲಿಗೆ ಹೋಗುವ ರಸ್ತೆಯಲ್ಲಿ, ಕಬ್ಬಿನ ಹೊಲಗಳ ನಡುವಿನ ಆ ಮನೆಯನ್ನು ಇಬ್ಬರು ಕ್ಯಾಥೊಲಿಕ್ ಸಿಸ್ಟರುಗಳು ನಡೆಸುತ್ತಾರೆ. ದಿಕ್ಕಿಲ್ಲದವರಿಗೆ ಅಲ್ಲಿ ಊಟವಿದೆ, ಮಲಗಲು ಜಾಗವಿದೆ. ಯಾಕೆ ಬಂದೆ, ಏನಾಯಿತು ಎಂದು ಬಂದವರನ್ನು ಯಾರೂ ಕೇಳುವುದಿಲ್ಲ.

ಕೇಳದಿದ್ದದ್ದೇ ಒಳ್ಳೆಯದಾಯಿತು. ಅಂದು ಬೆಳಿಗ್ಗೆಯಷ್ಟೇ ರಾಯಬಾಗದ ಗಂಡಿನ ಮನೆಯವರು ಫೋನ್ ಮಾಡಿ, ನಿಶ್ಚಯವಾಗಿದ್ದ ಮದುವೆ ಬೇಡ ಎಂದಿದ್ದರು. ಆ ಮದುವೆಗೆಂದು ತೆಗೆದ ಸೀರೆಗಳನ್ನೇ ಮಯೂರಿ ಚೀಲದಲ್ಲಿ ತುಂಬಿ ತಂದಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಿದ್ದಳು.

ಅವಳು ಪಂಕ್ತಿಗೆ ಕುಳಿತಳು. ಬಾಗಿಲಲ್ಲಿ ತಡೆದವನೇ ರೊಟ್ಟಿ, ಪುಂಡಿಪಲ್ಯೆ ಬಡಿಸಿದ. ಒಮ್ಮೆ ಅವಳ ಮುಖ ನೋಡಿ, ತಾಟಿನ ಅಂಚಿಗೆ ಒಂದು ಚೂರು ಬೆಲ್ಲ ಇಟ್ಟ. ಅಕ್ಕಪಕ್ಕದವರ ತಾಟಿನಲ್ಲಿ ಬೆಲ್ಲ ಇರಲಿಲ್ಲ.

ಅವನ ಹೆಸರು ಸಂಗ್ರಾಮ. ಭೋಜ ಎಂಬ ಊರಿನ ರೈತರ ಮನೆಯವನು. ಸಿಸ್ಟರುಗಳ ಮನೆಯ ಅಡುಗೆಯೆಲ್ಲ ಅವನದೇ.

ಮುಂದಿನ ಭಾನುವಾರ ಮಯೂರಿ ಮತ್ತೆ ಹೋದಳು. ಅದರ ಮುಂದಿನ ಭಾನುವಾರವೂ. ಉಳ್ಳಾಗಡ್ಡಿ ಹೆಚ್ಚಿಕೊಡಲು ಹೋಗುತ್ತೇನೆ ಎಂದು ತಾಯಿಗೆ ಹೇಳಿದ್ದಳು. ಉಳ್ಳಾಗಡ್ಡಿ ಹೆಚ್ಚಲು ಯಾರಾದರೂ ಮಲ್ಲಿಗೆ ಮುಡಿದುಕೊಂಡು ಹೋಗುತ್ತಾರೆಯೇ? ತಾಯಿ ನೋಡಿಯೂ ನೋಡದಂತಿದ್ದರು.

ಪ್ರತಿ ಸಲವೂ ಅವಳ ತಾಟಿಗೆ ಬೆಲ್ಲ ಬೀಳುತ್ತಿತ್ತು. ಅವನ ಬಾಯಿಂದ ಮಾತು ಮಾತ್ರ ಬೀಳುತ್ತಿರಲಿಲ್ಲ.

'ಹೇಳಾಕ ನಾಚಿಕಿ ಇರಬೇಕು, ಪಾಪ...' ಎಂದುಕೊಂಡು ಅವಳು ಬೆಲ್ಲವನ್ನು ಕೊನೆಯ ತುತ್ತಿಗೆ ಉಳಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಹೊಸದಾಗಿ ಬಂದ ಹೆಂಗಸೊಬ್ಬಳು ತೊಡೆಯ ಮೇಲೆ ಕೂಸನ್ನಿಟ್ಟುಕೊಂಡು ಅಳುತ್ತಾ ಪಂಕ್ತಿಯಲ್ಲಿ ಕುಳಿತಿದ್ದಳು. ಸಂಗ್ರಾಮ ಅವಳ ತಾಟಿಗೂ ಬೆಲ್ಲ ಇಟ್ಟ.

ಮಯೂರಿಯ ಕೈ ತುತ್ತಿನಲ್ಲೇ ನಿಂತಿತು.

"ಅಳಕೋತ ಬಂದವರಿಗೆಲ್ಲಾ ಇಡ್ತಾನ ತಂಗಿ," ಎಂದಳು ಆ ಮನೆಯಲ್ಲೇ ಉಳಿದುಕೊಂಡಿದ್ದ ಮುದುಕಿ ಸತ್ತೆವ್ವ. "ನಾ ಬಂದ ದಿನಾನೂ ಇಟ್ಟಿದ್ದ."

'ಅಂದ್ರ ಇಷ್ಟು ದಿನ ನಾ ತಿಂದದ್ದು ಕನಿಕರ...'

ಮದುವೆ ಮುರಿದಾಗಲೂ ಇಷ್ಟು ನೋವಾಗಿರಲಿಲ್ಲ. ಬೆಲ್ಲವನ್ನು ತಾಟಿನಲ್ಲೇ ಬಿಟ್ಟು ಎದ್ದು ಹೋದಳು. ಆಮೇಲೆ ಎಷ್ಟೋ ಭಾನುವಾರ ಆ ಕಡೆ ತಲೆ ಹಾಕಲಿಲ್ಲ.

ಅಷ್ಟರಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಅವಳಿಗೆ ಅಥಣಿಗೆ ವರ್ಗವಾಯಿತು. ಸಿಸ್ಟರಿಗೆ ಹೇಳಿ ಬರುತ್ತೇನೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಬಸ್ಸು ಹತ್ತಿದಳು.

ಊಟದ ಹೊತ್ತು. ಪಂಕ್ತಿಯಲ್ಲಿ ಕುಳಿತಳು. ಸಿಸ್ಟರ್ ಪ್ರಾರ್ಥನೆ ಮುಗಿಸಿದರು. ಸಂಗ್ರಾಮ ಒಬ್ಬೊಬ್ಬರ ಮುಂದೆ ತಾಟು ಇಡುತ್ತಾ ಬಂದ. ಮಯೂರಿಯನ್ನು ನೋಡಿದ... ತಾಟು ಇಡದೆ ಮುಂದೆ ಹೋದ.

ಹಸಿದವರನ್ನೆಲ್ಲ ಕೂರಿಸುವ ಮನೆಯಲ್ಲಿ ತನಗೊಬ್ಬಳಿಗೆ ಊಟವಿಲ್ಲ. ಅವಳು ಅವಮಾನ ತಡೆಯಲಾರದೆ ಎದ್ದು, ಸೀದಾ ಅಡುಗೆಮನೆಗೆ ನಡೆದಳು. ಅವನೂ ಹಿಂದೆಯೇ ಬಂದ.

"ನಾ ಅಥಣಿಗೆ ಹೊಂಟೇನಿ. ಕಡೀ ಊಟಾನೂ ಹಾಕಂಗಿಲ್ಲೇನ್ರಿ?"

ಅವನು ಒಲೆಯ ಕಡೆ ಕೈ ತೋರಿಸಿದ. ಅಲ್ಲಿ ಎರಡು ತಾಟು ಪಕ್ಕಪಕ್ಕದಲ್ಲಿದ್ದವು.

"ಪಂಕ್ತಿ ಬಂದವರಿಗೆ. ಮನಿಯವರು ಕಡೀಕ ಇಲ್ಲೇ ಉಣ್ತೇವಿ. ನೀವು ಬರದಿದ್ರೂ ದಿನಾ ನನಗೊಂದು, ನಿಮಗೊಂದು ಎರಡ ತಾಟು ಇಡಾಕತ್ತೀನಿ."

"ಮತ್ತ ಆ ಬೆಲ್ಲ? ಅಳವ್ರಿಗೆಲ್ಲಾ ಇಡ್ತೀರಂತ."

"ಬಂದ ದಿನ ಅಷ್ಟ ಇಡ್ತೇನ್ರಿ. ಎರಡನೇ ಸಲ ಬಂದಾಗ ನೀವು ನಗಾಕತ್ತಿದ್ರಿ. ನಗವ್ರಿಗೆ ಇಟ್ಟದ್ದು ನಿಮಗ ಒಬ್ಬರಿಗೇ."

"ಒಂದ ಮಾತು ಕೇಳಬಾರದಿತ್ತೇನ್ರಿ?"

"ಅಳಕೋತ ಬಂದವರನ್ನ ಈ ಮನ್ಯಾಗ ಏನೂ ಕೇಳಬಾರದು. ನೊಂದವರ ಮುಂದ ನನ್ನ ಆಸೆ ಹೆಂಗ ಇಡ್ಲಿ?" ಸಂಗ್ರಾಮ ತಲೆ ತಗ್ಗಿಸಿದ. "ಅದಕ್ಕ ಇವತ್ತು ಪಂಕ್ತಿಯಾಗ ತಾಟು ಇಡಲಿಲ್ಲ. ಪಂಕ್ತಿಗೆ ಬಂದವರನ್ನ ಕೇಳಬಾರದು, ಈ ಮನಿಯವರನ್ನ ಕೇಳಬಹುದಲ್ರಿ... ನನ್ನ ಜೋಡಿ ಇರ್ತೀರೇನು?"

ಅವಳು ಒಲೆಯ ಮುಂದೆ ಕುಳಿತು, ಒಂದು ತಾಟನ್ನು ಹತ್ತಿರ ಎಳೆದುಕೊಂಡಳು.

"ಅಥಣಿ ಏನ್ ದೂರಿಲ್ರಿ. ಭಾನುವಾರ ಬರ್ತೇನಿ. ನೀವು ಮನಿಗೆ ಬಂದು ಅವ್ವನ್ನ ಕೇಳ್ರಿ. ನಾ ಅಂತೂ ಹೂಂ ಅಂದೇನಿ."

ಅವನು ಪಕ್ಕದಲ್ಲಿ ಕುಳಿತ. ಅವಳು ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಅವನ ತಾಟಿನ ಅಂಚಿಗೆ ಇಟ್ಟಳು.

"ನಾ ಅಳಾಕತ್ತಿಲ್ಲಲ್ರಿ," ಎಂದ ಸಂಗ್ರಾಮ, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾ.

"ಕಾಣ್ತೈತಿ," ಎಂದಳು ಮಯೂರಿ. "ಉಣ್ರಿ."